ಎರಡೂ ಕಡೆಯ ಫೋಟೊ

ಮಗಳ ಮದುವೆ ಮಾಡದೆಯೇ ಊರ ತುಂಬ ಬೀಗರನ್ನು ಸಂಪಾದಿಸಿದ ಮನುಷ್ಯ ಎಂದು ಬೀದಿಯವರು ಬೀಗದಣ್ಣನನ್ನು ಛೇಡಿಸುತ್ತಿದ್ದರು. ಹಳಸಿದ ಜೋಕು. ಆದರೂ ಅವನು ಪ್ರತಿ ಸಲ ನಗುತ್ತಿದ್ದ, ನಗುತ್ತಲೇ ಹೇಳಿದವನನ್ನು ಓರೆಗಣ್ಣಿನಲ್ಲಿ ಅಳೆಯುತ್ತಿದ್ದ. ಇವನು ಇವತ್ತು ಯಾಕೆ ಇಷ್ಟು ಸಲಿಗೆ ತೋರಿಸುತ್ತಿದ್ದಾನೆ, ಏನು ಬೇಕಾಗಿದೆ ಇವನಿಗೆ? ಅನುಮಾನವೇ ಅವನ ಕಸುಬಿನ ಬಂಡವಾಳ. ಲೋಕದಲ್ಲಿ ಎಲ್ಲರೂ ಒಳ್ಳೆಯವರು ಎಂದು ನಂಬಿದವನು ಬೀಗದ ಅಂಗಡಿ ಇಟ್ಟರೆ ಒಲೆ ಉರಿಯುತ್ತದೆಯೇ? ಕೀ ಕಳೆದುಹೋಗಿದೆ, ಬಂದು ಬಾಗಿಲು ತೆಗೆದುಕೊಡಿ ಎಂದು ಯಾರಾದರೂ ಕರೆದರೆ, ಪಕ್ಕದ ಮನೆಯವರ ಬಾಯಲ್ಲಿ ‘ಹೌದು, ಇವರದೇ ಮನೆ’ ಎಂದು ಹೇಳಿಸದೆ ಅವನು ಚೀಲ ಬಿಚ್ಚಿದ್ದಿಲ್ಲ. ಒಮ್ಮೆ ಸ್ವಂತ ಷಡ್ಡಕನ ಬಾಗಿಲಲ್ಲೂ ಹಾಗೇ ಮಾಡಿದ್ದಕ್ಕೆ ಆ ಮಹಾರಾಯ ಮುನಿಸಿಕೊಂಡು ಬಹಳ ಕಾಲ ಈ ಕಡೆ ಸುಳಿಯಲಿಲ್ಲ. ಹೋದರೆ ಹೋಗಲಿ, ನಿಯಮ ನಿಯಮವೇ ಎಂದು ಬೀಗದಣ್ಣ ಮೀಸೆ ತಿರುವಿದ್ದ.

ಅಂಗಡಿ ಎಂದರೆ ಜೆರಾಕ್ಸ್ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡ ಒಂದು ಸಂದು. ಗೋಡೆಯ ತುಂಬ ಮೊಳೆ, ಮೊಳೆಗಳ ತುಂಬ ಇನ್ನೂ ಹಲ್ಲು ಕೊರೆಯದ ಕೀಗಳು. ಒಳಗೆ ಕೊರೆಯುವ ಯಂತ್ರ, ಮುಂದೆ ಕಬ್ಬಿಣ ಕಚ್ಚಿಹಿಡಿಯುವ ವೈಸ್ ಬಿಗಿದ ಮರದ ಮೇಜು, ಎದುರುಬದುರು ಎರಡು ಸ್ಟೂಲು. ಒಂದರ ಮೇಲೆ ಬೀಗದಣ್ಣ, ಇನ್ನೊಂದರ ಮೇಲೆ ಅವನ ಹೆಂಡತಿಯ ತಮ್ಮ. ಮೀಸೆ ಮೂಡುವ ಮೊದಲೇ ಅಕ್ಕನ ಬೆನ್ನಿಗೆ ಬಂದು, ಭಾವನ ಕೈಕೆಳಗೆ ಅರ ಹಿಡಿದು ಕಬ್ಬಿಣ ಉಜ್ಜಲು ಕಲಿತವನು. ಈಗ ಅವನ ಕಿವಿಯ ಮೇಲೂ ನರೆ ಬಂದಿದೆ. ಗಿರಾಕಿ ಒಂದಿಷ್ಟು ಪ್ರಶ್ನೆ ಕೇಳಿದರೆ ಒಂದಕ್ಕೆ ತಲೆಯಾಡಿಸಿ ಉಳಿದದ್ದನ್ನೆಲ್ಲ ನುಂಗಿಕೊಳ್ಳುತ್ತಿದ್ದ. ಬೀದಿ ಅವನಿಗೆ ಗುಮ್ಮ ಎಂದು ಹೆಸರಿಟ್ಟದ್ದು ಅದಕ್ಕೇ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಸೈಕಲ್ ಅಂಗಡಿಯ ಮಹಡಿಯ ಮೇಲೊಂದು ಕೋಣೆ ಹಿಡಿದಿದ್ದ. ಊಟ ಅಕ್ಕನ ಮನೆಯಲ್ಲಿ. ಅಂಗಡಿಯ ಒಂದು ಕೀ ಭಾವನ ಸೊಂಟದಲ್ಲಿದ್ದರೆ ಇನ್ನೊಂದು ಗುಮ್ಮನ ಜೇಬಿನಲ್ಲಿ. ಬೆಳಿಗ್ಗೆ ಬಾಗಿಲು ತೆಗೆಯುವವನು ಗುಮ್ಮನೇ.

ಈ ಸಂದಿಗೆ ಇನ್ನೊಂದು ಬಾಗಿಲು ತೆರೆದವಳು ಸೊಸೆ. ಮಗ ಬಸ್ಸಿನ ಡಿಪೋದಲ್ಲಿ ಮೆಕ್ಯಾನಿಕ್, ಬೀಗದ ಕಡೆ ತಲೆ ಹಾಕಿಯೂ ಮಲಗುವವನಲ್ಲ. ಸೊಸೆಗೆ ಮಾತ್ರ ಅಂಗಡಿಯೆಂದರೆ ಅದೇನೋ ಉಮೇದು. ಬಂದ ಹೊಸದರಲ್ಲೇ, ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಡುತ್ತೇನೆ ಮಾವ, ಅದರಲ್ಲಿ ಬ್ಲಾಗ್ ಬರೆಯುತ್ತೇನೆ, ಗಿರಾಕಿ ಹುಡುಕಿಕೊಂಡು ಬರುತ್ತಾರೆ ಎಂದಳು. ಸಣ್ಣಪುಟ್ಟ ವೆಬ್‌ಸೈಟ್ ಇಟ್ಟುಕೊಂಡವರಿಗೆ ಗಿರಾಕಿ ಹಿಡಿಯುವ ಬಗೆ ಕಲಿಸುವ ಒಬ್ಬಾತನ ಪಾಠಗಳನ್ನು ಅವಳು ತರಕಾರಿ ಹೆಚ್ಚುತ್ತ ಫೋನಿನಲ್ಲಿ ಕೇಳುತ್ತಿದ್ದಳು. ಮನೆಯಲ್ಲಿ ಆತನಿಗೆ ಮೇಷ್ಟ್ರು ಎಂದೇ ಹೆಸರಾಯಿತು. ನಿಮ್ಮ ಸರಕನ್ನು ನೀವೇ ಹೊಗಳಿಕೊಳ್ಳಬೇಡಿ, ಗಿರಾಕಿಯ ಕತೆ ಹೇಳಿ ಎನ್ನುತ್ತಿದ್ದರು ಮೇಷ್ಟ್ರು. ಜನ ಹುಡುಕುವುದು ಬೀದಿಯ ಹೆಸರು ಹಾಕಿ, ಆದ್ದರಿಂದ ಬರಹದಲ್ಲಿ ಬೀದಿಯ ಹೆಸರು ತಪ್ಪದೆ ಬರಲಿ. ಫೋಟೊ ನಿಚ್ಚಳವಾಗಿರಲಿ, ಅಳತೆ ತಿಳಿಯುವಂತೆ ಪಕ್ಕದಲ್ಲೊಂದು ವಸ್ತು ಇಡಿ. ಕಾಮೆಂಟ್ ಹಾಕಿದವರಿಗೆ ಅವತ್ತೇ ಉತ್ತರ ಕೊಡಿ, ಬಾಗಿಲಿಗೆ ಬಂದವರನ್ನು ನಿಲ್ಲಿಸಿಕೊಳ್ಳಬೇಡಿ.

ಬೀಗದಣ್ಣನಿಗೆ ಮೊದಲು ಅನುಮಾನ ಬಂದದ್ದು ಈ ಮೇಷ್ಟ್ರ ಮೇಲೆಯೇ. ಇಷ್ಟೆಲ್ಲ ಗುಟ್ಟನ್ನು ಪುಕ್ಕಟೆ ಯಾಕೆ ಹೇಳಿಕೊಡುತ್ತಾನೆ, ಅವನ ಮನೆಯಲ್ಲಿ ಹೊಟ್ಟೆಪಾಡು ಬೇಡವೇ? ಆಮೇಲೆ ವೆಬ್‌ಸೈಟಿನ ಮೇಲೆ ಬಂತು. ಇವತ್ತು ಇಷ್ಟು ಜನ ಬಂದಿದ್ದರು ಮಾವ ಎಂದು ಸೊಸೆ ಸಂಭ್ರಮದಿಂದ ಹೇಳಿದರೆ, ಬಂದವರು ಮುಖ ತೋರಿಸಿದರಾ, ಹೆಸರು ಹೇಳಿದರಾ, ಕತ್ತಲಲ್ಲಿ ಬಂದು ಹೋಗುವವರನ್ನು ಗಿರಾಕಿ ಅಂತಾರಾ ಎಂದು ಗೊಣಗುತ್ತಿದ್ದ. ಆದರೆ ಕೀ ಸಿಕ್ಕಿಕೊಂಡರೆ ಎಣ್ಣೆ ಯಾಕೆ ಬಿಡಬಾರದು ಎಂದು ಅವಳು ಬರೆದದ್ದನ್ನು ಓದಿ ನಿಜವಾಗಿಯೂ ಜನ ಅಂಗಡಿ ಹುಡುಕಿಕೊಂಡು ಬಂದರು. ಒಬ್ಬ ಗಿರಾಕಿಯಂತೂ, ನಿಮ್ಮ ಬ್ಲಾಗ್ ಓದಿ ನನ್ನ ಬೀರು ಉಳಿಯಿತು ಎಂದು ಕೈ ಕುಲುಕಿದ. ಅಂದಿನಿಂದ ಬೀಗದಣ್ಣನ ಗೊಣಗಾಟ ಇಳಿಯಿತು. ಸೊಸೆ ಬರೆದದ್ದನ್ನು ಓದಿಸಿ ಕೇಳುವುದು, ಇಲ್ಲಿ ಹೀಗೆ ಬರಿ ಎನ್ನುವುದು ಅಭ್ಯಾಸವಾಯಿತು.

ಹೀಗಿರುವಾಗ ಬಂದದ್ದು ಸಂಗೀತದ ಟೀಚರ ಬೀಗ. ಬೇಕರಿ ಬೀದಿಯ ಹಸಿರು ಬಾಗಿಲಿನ ಮನೆ, ಒಬ್ಬರೇ ಇರುವ ಹೆಂಗಸು, ಸಂಜೆ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ಬಾಗಿಲ ಮರದೊಳಗೇ ಹುದುಗಿಸಿದ ಅಜ್ಜನ ಕಾಲದ ಬೀಗ. ಅದರ ಒಂದೇ ಕೀ ಒಳಗೇ ಮುರಿದುಕೊಂಡಿತ್ತು. ಬಾಗಿಲು ಒಡೆದು ಹೊಸ ಬೀಗ ಹಾಕಿ ಎಂದು ಎಲ್ಲರೂ ಹೇಳಿದರಂತೆ. ಬೀಗದಣ್ಣ ಒಡೆಯಲಿಲ್ಲ. ಬೀಗ ಬಿಚ್ಚಿ ತಂದು, ಗುಮ್ಮನನ್ನು ಎದುರಿಗೆ ಕೂರಿಸಿಕೊಂಡು, ಹಿಂದುಮುಂದಿಲ್ಲದ ಒಂದು ಕಬ್ಬಿಣದ ತುಂಡಿನಿಂದ ಕೀಯನ್ನು ಕೈಯಲ್ಲೇ ಕೆತ್ತಿದ. ಒಂದು ಕಡೆ ಹಲ್ಲು, ಇನ್ನೊಂದು ಕಡೆ ಕೂದಲಿನಷ್ಟು ಸಪೂರವಾಗಿ ಕೊರೆದ ಗೆರೆಗಳು, ಕಸುಬಿನವರ ಬಾಯಲ್ಲಿ ಗಾಡಿಗಳು. ಹಾಕಿ ತಿರುಗಿಸಿದರೆ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ. ಇಂಥದ್ದನ್ನು ಇನ್ನು ಮಾಡುವವರು ಯಾರಿದ್ದಾರೆ ಎಂದು ಬೀಗದಣ್ಣ ಎದೆಯುಬ್ಬಿಸಿ ಸುತ್ತ ನೋಡಿದ. ಗುಮ್ಮ ತಲೆಯಾಡಿಸಿದ, ಆದರೆ ಅಷ್ಟರಿಂದ ಯಾರ ಹೊಟ್ಟೆ ತುಂಬುತ್ತದೆ?

ಇದನ್ನು ಬರೆಯಲೇಬೇಕು ಎಂದಳು ಸೊಸೆ. ಟೀಚರನ್ನು ಕೇಳಿ, ಅವರು ನಗುತ್ತ ಒಪ್ಪಿದ ಮೇಲೆ ಕೀ ಕೊಡುವಾಗ ಫೋಟೊ ತೆಗೆದಳು. ಟೀಚರ ಅಂಗೈಯಲ್ಲಿ ಕೀ, ಬೆರಳು ಅರ್ಧ ಮುಚ್ಚಿದೆ, ಮೇಲೆ ಅವರ ಮುಖದ ತುಂಬ ನಗು. ಬೀಗದಣ್ಣ ಫೋನ್ ಇಸಿದುಕೊಂಡು ನೋಡಿದವನೇ ಮುಖ ಹುಳ್ಳಗೆ ಮಾಡಿದ.

“ಟೀಚರ್ ಹಲ್ಲು ಕಾಣ್ತಿದೆ, ಕೀ ಹಲ್ಲು ಎಲ್ಲಮ್ಮ? ಕೆತ್ತಿದ್ದು ನಾನಾ, ಅವರಾ?”

ತಾನೇ ಕರಿ ಬಟ್ಟೆ ಹಾಸಿ, ಕೀಯನ್ನು ಅದರ ಮೇಲೆ ಮಲಗಿಸಿ, ಅಳತೆಗೆ ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟುಕೊಟ್ಟ. ಸೊಸೆ ಮೇಷ್ಟ್ರು ಹೇಳಿದಂತೆ ಕತೆ ಬರೆದಳು. ಬೇಕರಿ ಬೀದಿಯ ಹಸಿರು ಬಾಗಿಲು, ಅಜ್ಜನ ಬೀಗ, ರಜೆ ಬಂದರೆ ಮಗಳ ಮನೆಗೆ ಹೊರಡುವ ಟೀಚರ್ ಇನ್ನು ನಿಶ್ಚಿಂತೆಯಿಂದ ಹೋಗಿಬರಬಹುದು, ಹೀಗೆ. ಅದುವರೆಗೆ ಬರೆದದ್ದರಲ್ಲೆಲ್ಲ ಜನ ಅತಿ ಹೆಚ್ಚು ಓದಿದ್ದು ಅದನ್ನೇ. ‘ಹಳೆ ಬೀಗ ಪ್ರೇಮಿ’ ಎಂಬ ಹೆಸರಿನವನೊಬ್ಬ ಕಾಮೆಂಟಿನಲ್ಲಿ ಮಾರುದ್ದ ಹೊಗಳಿದ. ಇಂಥ ಕೈ ಈ ಕಾಲದಲ್ಲಿ ಇನ್ನೂ ಇದೆಯೇ, ನೋಡಿ ಕಣ್ಣು ತುಂಬಿತು ಎಂದ. ಇದರ ಇನ್ನೊಂದು ಕಡೆಯ ಗಾಡಿಗಳನ್ನೂ ನೋಡುವ ಭಾಗ್ಯ ಸಿಕ್ಕೀತೇ ಎಂದು ಕೇಳಿದ. ಬೀಗದಣ್ಣ ಆ ಕಾಮೆಂಟನ್ನು ಮನೆಯಲ್ಲಿ ಓದಿಸಿ ಕೇಳಿದ, ಅಂಗಡಿಯಲ್ಲಿ ಓದಿಸಿ ಕೇಳಿದ, ಎದುರಿನ ಚಹಾದಂಗಡಿಯವನಿಗೂ ಓದಿಸಿದ. ಕಾಯಿಸಬಾರದಲ್ಲ, ಅವತ್ತೇ ಇನ್ನೊಂದು ಕಡೆಯ ಫೋಟೊ ಹೋಯಿತು. ಟೀಚರ ಮನೆಗೆ ಹೋಗಿ, ಕೀ ಒಂದು ಗಳಿಗೆ ಕೊಡಿ ಎಂದು ಇಸಿದುಕೊಂಡು, ಅಲ್ಲೇ ಬಟ್ಟೆ ಹಾಸಿ, ಮಗುಚಿ ಇಟ್ಟು ತೆಗೆಸಿದವನು ಬೀಗದಣ್ಣನೇ.

ರಜೆ ಬಂತು. ಟೀಚರ್ ಮಗಳ ಮನೆಗೆ ಹೋದರು. ವಾಪಸು ಬಂದು ಬೀಗ ತೆಗೆದರೆ ಬಾಗಿಲು ಬಿಟ್ಟುಹೋದ ಹಾಗೇ ಇತ್ತು, ಒಳಗಿನ ಬೀರು ಮಾತ್ರ ಬರಿದು. ಮಗಳಿಗೆಂದು ಎತ್ತಿಟ್ಟಿದ್ದ ಬಳೆಗಳು, ತೀರಿಕೊಂಡ ಗಂಡನ ಗಡಿಯಾರ, ಎಲ್ಲ ಗುಡಿಸಿ ಹಾಕಿದ ಹಾಗೆ ಹೋಗಿತ್ತು. ಕಿಟಕಿ ಮುರಿದಿಲ್ಲ, ಹೆಂಚು ತೆಗೆದಿಲ್ಲ.

ಇನ್‌ಸ್ಪೆಕ್ಟರ್ ಆ ಬೀಗವನ್ನೇ ಬಿಚ್ಚಿಸಿ ತಂದು ಬೀಗದಣ್ಣನ ಮೇಜಿನ ಮೇಲಿಟ್ಟರು. ಒಳಗೆ ತಂತಿ ಗಿಂತಿ ಆಡಿಸಿದ ಗೀರು ಇದೆಯೇ ನೋಡಿ ಹೇಳಿ ಎಂದರು. ಬೀಗದಣ್ಣ ಬಿಚ್ಚಿ, ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದ. ಒಂದು ಗೀರೂ ಇರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕೀ ಹಾಕಿಯೇ ತೆಗೆದಿದ್ದಾರೆ ಎಂದ.

“ಟೀಚರ್ ಕೀ ಅವರ ಹತ್ರಾನೇ ಇತ್ತು. ಇದು ಅಂಗಡೀಲಿ ಸಿಗೋ ಕೀ ಅಲ್ಲ. ಮತ್ತೆ ಯಾರ್ಯಾರು ನೋಡಿದಾರೆ ಇದನ್ನ?” ಎಂದು ಇನ್‌ಸ್ಪೆಕ್ಟರ್ ಕೇಳಿದರು.

“ನಾನು, ನನ್ನ ಭಾವಮೈದುನ. ಇನ್ನೊಂದು ನರಪಿಳ್ಳೆ ನೋಡಿಲ್ಲ ಸಾರ್.”

ಎದೆ ಮುಟ್ಟಿಕೊಂಡು ಹೇಳಿದ. ಹೇಳುವಾಗ ಅವನಿಗೆ ಅದು ನಿಜವೇ ಆಗಿತ್ತು. ಅಂಗಡಿಗೆ ಬಂದು ಕಣ್ಣಾರೆ ನೋಡಿದವರನ್ನಷ್ಟೇ ಅವನು ಲೆಕ್ಕಕ್ಕೆ ಹಿಡಿಯುವವನು, ಮನೆಯ ಸೊಸೆ ಆ ಲೆಕ್ಕಕ್ಕೇ ಬರಲಿಲ್ಲ. ಇನ್‌ಸ್ಪೆಕ್ಟರ್ ಅವನನ್ನೂ ಗುಮ್ಮನನ್ನೂ ಒಮ್ಮೆ ನೋಡಿ, ಹಾಗಾದರೆ ದೂರ ಹೋಗುವ ಕೆಲಸವಿಲ್ಲ ಎಂದು ಹೇಳಿ ಎದ್ದರು. ಬೀಗ ಮೇಜಿನ ಮೇಲೇ ಉಳಿಯಿತು.

ಅಲ್ಲಿಂದ ಶುರುವಾಯಿತು. ತಾನು ಮಾಡಿಲ್ಲ ಎಂಬುದು ಬೀಗದಣ್ಣನಿಗೆ ಗೊತ್ತು. ಇಬ್ಬರಲ್ಲಿ ಒಬ್ಬನನ್ನು ಕಳೆದರೆ ಉಳಿಯುವವನು ಯಾರು? ಮೊದಲ ದಿನ ಛೀ ಎಂದು ತಲೆ ಕೊಡವಿದ. ಮರುದಿನ ಹೊತ್ತಿಗೆ ಅದು ತಲೆಯಲ್ಲಿ ಚಾಪೆ ಹಾಸಿ ಕೂತಿತ್ತು. ಇಷ್ಟು ವರ್ಷ ಗುಮ್ಮ ಮಾತಾಡದ್ದು ಒಳ್ಳೆಯ ಗುಣವಾಗಿತ್ತು, ಈಗ ಬಚ್ಚಿಡುವ ಗುಣವಾಗಿ ಕಂಡಿತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುವುದು ಸುಮ್ಮನೆಯೇ? ಅವನು ಕೆಮ್ಮಿದರೆ ಯಾರಿಗೋ ಸನ್ನೆ, ಫೋನ್ ನೋಡಿದರೆ ಯಾರದೋ ಸುದ್ದಿ. ಬೀದಿಯಲ್ಲೂ ಗುಸುಗುಸು ಎದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರಪ್ಪ ಎಂದು ಜೆರಾಕ್ಸ್ ಅಂಗಡಿಯವನು ಗೋಡೆಗೆ ಹೇಳುವವನಂತೆ ಹೇಳಿದ. ಗಿರಾಕಿಗಳು ಅಂಗಡಿಯ ತನಕ ಬಂದು, ಏನೋ ನೆನಪಾದವರ ಹಾಗೆ ಮುಂದೆ ಹೋಗತೊಡಗಿದರು. ಜನರು ಮನೆಯ ಕೀಯನ್ನು ಎರಡನೆಯ ಯೋಚನೆಯಿಲ್ಲದೆ ತಂದು ಕೈಗೆ ಕೊಡುತ್ತಿದ್ದ ಅಂಗಡಿ ಅದು. ಆ ಒಂದು ನಂಬಿಕೆ ಹೋದರೆ ಬೀಗದಣ್ಣನ ಬದುಕಿನಲ್ಲಿ ಉಳಿಯುವುದು ಗೋಡೆಯ ಮೊಳೆಗಳು ಮಾತ್ರ.

ಪೊಲೀಸರ ಕೆಲಸ ಮುಗಿಯುವ ತನಕ ಆ ಟೀಚರ ಮನೆಯ ಕಡೆ ಯಾರೂ ಕಾಲಿಡಬಾರದು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ ಎಂದು ಅವನು ಗುಮ್ಮನಿಗೆ ತಾಕೀತು ಮಾಡಿದ್ದ. ಗುಮ್ಮ ತಲೆಯಾಡಿಸಿದ್ದ. ಹಾಗೆ ತಲೆಯಾಡಿಸಿದವನೇ ಒಂದು ಮಧ್ಯಾಹ್ನ ಊಟಕ್ಕೆ ಹೋಗುವ ಹೊತ್ತಿಗೆ ಚೀಲ ಹೆಗಲಿಗೆ ಹಾಕಿಕೊಂಡು ಬೇರೆಯದೇ ದಾರಿ ಹಿಡಿದ. ಊಟಕ್ಕೆ ಚೀಲವೇಕೆ? ಬೀಗದಣ್ಣ ಹಿಂದೆಯೇ ಹೋಗಿ ಬೇಕರಿಯ ಮರೆಯಲ್ಲಿ ನಿಂತ. ಬಿಸಿಲು ನೆತ್ತಿ ಸುಟ್ಟು, ಬೇಕರಿಯವನು ಏನು ಬೇಕು ಎಂದು ಬೇಸರಬರುವಷ್ಟು ಸಲ ಕೇಳಿದ ಮೇಲೆ, ಗುಮ್ಮ ಹಸಿರು ಬಾಗಿಲಿನ ಮನೆಯಿಂದ ಹೊರಗೆ ಬಂದ. ತೋಳಿನ ಮೇಲಿನ ಮರದ ಹುಡಿಯನ್ನು ಕೊಡವಿಕೊಂಡು, ಅತ್ತಿತ್ತ ನೋಡಿ, ಬಿರಬಿರನೆ ನಡೆದುಹೋದ. ಅಂಗಡಿಗೆ ಬಂದ ಮೇಲೆ ಎಲ್ಲಿಗೆ ಹೋಗಿದ್ದೆ ಎಂದು ಬೀಗದಣ್ಣ ಕೇಳಿದ. ಇಲ್ಲೇ ಎಂದ ಗುಮ್ಮ. ಅಷ್ಟೇ ಉತ್ತರ.

ಅಷ್ಟು ಸಾಕಾಯಿತು. ಹೋದದ್ದೇಕೆ ಎಂದು ಬಾಯಿಬಿಟ್ಟು ಕೇಳಬಹುದಿತ್ತು, ಬೈಯಬಹುದಿತ್ತು, ಕೊರಳಪಟ್ಟಿ ಹಿಡಿಯಬಹುದಿತ್ತು. ಬೀಗದಣ್ಣ ಇದಾವುದನ್ನೂ ಮಾಡಲಿಲ್ಲ. ರಜೆಯ ದಿನ ಒಬ್ಬನೇ ಬಂದು ಅಂಗಡಿಯ ಬಾಗಿಲಿನ ಬೀಗ ಬದಲಾಯಿಸಿದ. ಹೊಸ ಕೀ ಒಂದನ್ನೇ ಮಾಡಿದ.

ಮರುದಿನ ಬೆಳಿಗ್ಗೆ ಎದುರಿನ ಚಹಾದಂಗಡಿಯಲ್ಲಿ ಕೂತು ನೋಡಿದ. ಗುಮ್ಮ ಎಂದಿನಂತೆ ಬಂದು ಕೀ ಹಾಕಿದ. ತಿರುಗಲಿಲ್ಲ. ತೆಗೆದು ಬೆಳಕಿಗೆ ಹಿಡಿದು ಹಲ್ಲು ನೋಡಿದ, ಅಂಗಿಯಲ್ಲಿ ಒರೆಸಿ ಮತ್ತೆ ಹಾಕಿದ. ಆಮೇಲೆ ಬಗ್ಗಿ ಕೀ ತೂತಿಗೆ ಕಣ್ಣಿಟ್ಟು ನೋಡಿದ. ನೋಡುತ್ತಲೇ ಇದ್ದ. ಅವನ ಚೀಲದಲ್ಲಿ ಸಾಮಾನಿತ್ತು. ಅಂಥ ಬೀಗವನ್ನು ಅವನು ಕಣ್ಣು ಮುಚ್ಚಿಕೊಂಡೇ ತೆಗೆದುಬಿಡಬಲ್ಲ. ಬೀಗದಣ್ಣ ಅದಕ್ಕೇ ಕಾಯುತ್ತಿದ್ದ, ತೆಗೆದರೆ ಕೈಯಾರೆ ಹಿಡಿಯಬೇಕೆಂದು. ಗುಮ್ಮ ಚೀಲಕ್ಕೆ ಕೈ ಹಾಕಲೇ ಇಲ್ಲ. ಹಳೆ ಕೀಯನ್ನು ಬಾಗಿಲ ಕೊಂಡಿಗೆ ಸಿಕ್ಕಿಸಿ ಮಹಡಿ ಮೆಟ್ಟಿಲು ಹತ್ತಿ ಕೋಣೆಗೆ ಹೋದ. ಅವತ್ತಿನಿಂದ ಅಕ್ಕನ ಮನೆಗೆ ಊಟಕ್ಕೂ ಬರಲಿಲ್ಲ.

ಹೆಂಡತಿಗೆ ವಿಷಯ ತಿಳಿದದ್ದು ತಟ್ಟೆ ಹಾಕಿ ಕಾದು ಕಾದು ಸಾಕಾದ ಮೇಲೆ. ಅವಳು ಕೂಗಾಡುವವಳಲ್ಲ. ಗಂಡನ ಮುಂದೆ ತಟ್ಟೆಯನ್ನು ಕುಕ್ಕಿ ಇಟ್ಟಳು.

“ಕೇಳ್ಬಹುದಿತ್ತಲ್ರೀ. ನಿಮ್ಮ ಬಾಯಿಗೂ ಬೀಗ ಹಾಕ್ಕೊಂಡಿದ್ರಾ?”

ಅದಾದ ಮೇಲೆ ಅವಳೂ ಮಾತು ಬಿಟ್ಟಳು. ಮನೆಯಲ್ಲಿ ಸೊಸೆಯೊಬ್ಬಳೇ ಮಾತಾಡುವವಳು ಎಂಬ ಹಾಗಾಯಿತು. ಪಾಪ, ಅವಳಿಗೂ ಏನು ಮಾತಾಡಬೇಕೆಂದು ತೋಚುತ್ತಿರಲಿಲ್ಲ. ಅಂಗಡಿಯ ಹೆಸರು ಕೆಡುತ್ತಿದೆ, ಏನಾದರೂ ಮಾಡಬೇಕು ಎಂದು ಅವಳು ಮತ್ತೆ ಮೇಷ್ಟ್ರ ಪಾಠ ಕೇಳಿದಳು. ಹೆಸರಿಗೆ ಪೆಟ್ಟು ಬಿದ್ದಾಗ ನಿಮ್ಮನ್ನು ಮೆಚ್ಚಿದವರಿಂದ ನಾಲ್ಕು ಒಳ್ಳೆಯ ಮಾತು ಬರೆಸಿ ಎಂದರಂತೆ ಮೇಷ್ಟ್ರು. ಮೆಚ್ಚಿದವರು ಅಂದರೆ ಮೊದಲು ಯಾರು? ಹಳೆ ಬೀಗ ಪ್ರೇಮಿ. ಆತನಿಗೆ ಬರೆಯೋಣ ಎಂದು ಹುಡುಕಿದಳು. ಸಿಗಲಿಲ್ಲ.

ಮಧ್ಯಾಹ್ನ ಅವಳು ಅಂಗಡಿಗೆ ಬಂದಾಗ ಬೀಗದಣ್ಣ ಒಬ್ಬನೇ ಇದ್ದ, ಎದುರಿನ ಸ್ಟೂಲು ಖಾಲಿ. ಆತ ಎಲ್ಲೂ ಇಲ್ಲ ಮಾವ ಎಂದಳು. ಆ ಹೆಸರಿನ ಖಾತೆಯೇ ಅಳಿಸಿಹೋಗಿದೆ, ಬೇರೆ ಯಾವ ಬೀಗದ ಬಗ್ಗೆಯೂ ಆತ ಎಲ್ಲೂ ಒಂದಕ್ಷರ ಬರೆದಿರಲಿಲ್ಲ. ಆಮೇಲೆ ಅವಳು ಬ್ಲಾಗಿನ ಲೆಕ್ಕ ತೆಗೆದು ತೋರಿಸಿದಳು. ಟೀಚರ್ ಊರಿಗೆ ಹೋಗುವ ಮುಂಚಿನ ದಿನಗಳಲ್ಲಿ ಆ ಒಂದೇ ಬರಹವನ್ನು, ಅದರಲ್ಲೂ ಆ ಎರಡು ಫೋಟೊಗಳನ್ನು, ಒಂದೇ ಕಡೆಯಿಂದ ಯಾರೋ ಮತ್ತೆ ಮತ್ತೆ ತೆರೆದು ನೋಡಿದ್ದರು. ಆಗ ಅದನ್ನು ನೋಡಿ ಅವಳು ಖುಷಿಪಟ್ಟಿದ್ದಳಂತೆ.

ಬೀಗದಣ್ಣ ಫೋನ್ ಇಸಿದುಕೊಂಡ. ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಬಾಗಿಲನ್ನು ಅರ್ಧ ಮುಚ್ಚಿ, ಒಂದು ಹೊಸ ಕಬ್ಬಿಣದ ತುಂಡನ್ನು ವೈಸಿಗೆ ಬಿಗಿದ. ಫೋನನ್ನು ಎದುರಿಗೆ ಒರಗಿಸಿಟ್ಟ. ಫೋಟೊದ ಸ್ಕೇಲಿನ ಗೆರೆಗೆ ತನ್ನ ಸ್ಕೇಲಿನ ಗೆರೆ ಹೊಂದಿಸಿ ಅಳತೆ ತೆಗೆದ. ತಾನು ಕೆತ್ತಿದ್ದನ್ನು ನೆನಪಿನಿಂದ ಮಾಡಬಾರದು, ಫೋಟೊದಲ್ಲಿ ಕಂಡಷ್ಟನ್ನೇ ಮಾಡಬೇಕು ಎಂದು ಪ್ರತಿ ಹಲ್ಲಿಗೂ ಪರದೆಯ ಕಡೆ ನೋಡಿದ. ಹಲ್ಲು ಮುಗಿದ ಮೇಲೆ ಎರಡನೆಯ ಫೋಟೊ ತೆರೆಯಲು ಹೇಳಿದ, ಗಾಡಿಗಳನ್ನು ಕೊರೆದ. ಮೇಜಿನ ಮೇಲೆ ಇನ್‌ಸ್ಪೆಕ್ಟರ್ ಬಿಟ್ಟುಹೋದ ಬೀಗವಿತ್ತು. ಕೀ ಹಾಕಿದ. ಮೊದಲು ಸ್ವಲ್ಪ ಕಚ್ಚಿತು. ಹೊರಗೆ ತೆಗೆದು ಒಂದು ಮೂಲೆಯನ್ನು ಉಜ್ಜಿ ಮತ್ತೆ ಹಾಕಿದ. ತಿರುಗಿತು.

ಬೀಗದಣ್ಣ ಅರವನ್ನು ಮೇಜಿನ ಮೇಲಿಟ್ಟು ಕೂತ. ಷಡ್ಡಕನನ್ನೇ ಬಾಗಿಲಲ್ಲಿ ನಿಲ್ಲಿಸಿದ ಗಂಡು ಇವನು. ಮೇಷ್ಟ್ರ ಮೇಲೆ ಅನುಮಾನ, ವೆಬ್‌ಸೈಟಿನ ಮೇಲೆ ಅನುಮಾನ, ಜೊತೆಯಲ್ಲಿ ಉಂಡು ಬೆಳೆದವನ ಮೇಲೆ ಅನುಮಾನ. ಊರಿಲ್ಲ, ಹೆಸರಿಲ್ಲ, ಮುಖವಿಲ್ಲ, ಅಂಥ ಒಬ್ಬ ನಾಲ್ಕು ಸಾಲು ಹೊಗಳಿದ ಕೂಡಲೇ ಟೀಚರ ಮನೆಯ ಕೀಯನ್ನು ಮಗುಚಿ ತೋರಿಸಿಬಿಟ್ಟಿದ್ದ. ಹೊಗಳಿದವನ ಮೇಲೆ ಮಾತ್ರ ಅನುಮಾನ ಬರಲಿಲ್ಲ.

“ಬೀದಿ, ಬಾಗಿಲು, ರಜೆ ಎಲ್ಲ ಬರ್ದಿದ್ದು ನಾನು ಮಾವ,” ಎಂದು ಸೊಸೆ ಅತ್ತಳು.

“ನೀನು ಬೆರಳಲ್ಲಿ ಮುಚ್ಚಿ ತೆಗ್ದಿದ್ದೆ ತಾಯಿ. ಹಲ್ಲು ಕಾಣ್ಲಿ ಅಂದೋನು ನಾನು. ಮೊದ್ಲು ಅದನ್ನ ಅಳಿಸು.”

ಅಳಿಸಿದಳು. ಇಬ್ಬರೂ ಠಾಣೆಗೆ ಹೋದರು. ಬೀಗದಣ್ಣ ಬೀಗವನ್ನೂ ಫೋಟೊ ನೋಡಿ ಕೆತ್ತಿದ ಕೀಯನ್ನೂ ಮೇಜಿನ ಮೇಲಿಟ್ಟು, ಇಬ್ಬರೇ ನೋಡಿದ್ದು ಎಂದು ತಾನು ಹೇಳಿದ್ದು ತಪ್ಪು, ಲೋಕವೇ ನೋಡಿದೆ, ತೋರಿಸಿದವನು ತಾನೇ ಎಂದ. ಇನ್‌ಸ್ಪೆಕ್ಟರ್ ಹಣೆ ಚಚ್ಚಿಕೊಂಡು ಬರೆದುಕೊಂಡರು. ಯಾವ ಕಡೆಯಿಂದ ಆ ಫೋಟೊ ತೆರೆದಿದ್ದಾರೆಂದು ಹುಡುಕಿಸುತ್ತೇನೆ, ಸಿಕ್ಕರೆ ನಿಮ್ಮ ಪುಣ್ಯ ಎಂದರು.

ಅಲ್ಲಿಂದ ಸೊಸೆಯನ್ನು ಮನೆಗೆ ಕಳಿಸಿ ಬೀಗದಣ್ಣ ನೇರ ಬೇಕರಿ ಬೀದಿಗೆ ನಡೆದ. ಹಸಿರು ಬಾಗಿಲಿನಲ್ಲಿ ಬೀಗ ಇದ್ದ ಜಾಗದಲ್ಲಿ ಚೌಕಾಕಾರದ ತೂತಿತ್ತು, ಅದಕ್ಕೆ ಟೀಚರ್ ಬಟ್ಟೆ ತುರುಕಿದ್ದರು. ಒಳಗೆ ಮಕ್ಕಳು ಒಂದೇ ಸಾಲನ್ನು ತಪ್ಪು ತಪ್ಪಾಗಿ ಹಾಡುತ್ತಿದ್ದರು. ಟೀಚರ್ ಅವರನ್ನು ಅಂಗಳಕ್ಕೆ ಕಳಿಸಿ ಕುರ್ಚಿ ತೋರಿಸಿದರು. ಬೀಗದಣ್ಣ ಕೂರಲಿಲ್ಲ. ನಿಂತೇ ಎಲ್ಲ ಹೇಳಿದ, ಕಾಮೆಂಟು, ಕರಿ ಬಟ್ಟೆ, ಎರಡನೆಯ ಫೋಟೊ, ಒಂದನ್ನೂ ಬಿಡದೆ. ಟೀಚರ್ ಬೈಯುತ್ತಾರೆ ಎಂದು ಕಾದ. ಅವರು ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಬರಿದಾದ ಬೀರುವಿನ ಕಡೆ ಒಮ್ಮೆ ನೋಡಿದರು. ಆಮೇಲೆ ಬಾಗಿಲ ಒಳಗಡೆ ಹೊಸದಾಗಿ ಕೂರಿಸಿದ ದಪ್ಪ ಚಿಲಕ ತೋರಿಸಿದರು. ಕಳ್ಳತನವಾದ ಮೇಲೆ ರಾತ್ರಿ ಕಣ್ಣು ಮುಚ್ಚಲು ಹೆದರಿಕೆ, ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಗುಮ್ಮಣ್ಣ ದಾರಿಯಲ್ಲಿ ಸಿಕ್ಕಾಗ ಮುಖ ನೋಡಿಯೇ ತಿಳಿದುಕೊಂಡವರ ಹಾಗೆ, ಒಂದು ಮಧ್ಯಾಹ್ನ ಬಂದು ಇದನ್ನು ಹಾಕಿಕೊಟ್ಟು ಹೋದರು, ಭಾವನಿಗೆ ಹೇಳಬೇಡಿ ಅಂದಿದ್ದರು ಎಂದು ಟೀಚರ್ ಹೇಳಿದರು.

ಬೀಗದಣ್ಣ ಆ ಚಿಲಕವನ್ನು ಒಮ್ಮೆ ಎಳೆದು ನೋಡಿದ. ಹೊಸ ಬೀಗ ನಾನೇ ಹಾಕಿಕೊಡುತ್ತೇನೆ, ಇವತ್ತೇ, ಅಂಗಡಿಯಲ್ಲಿರುವ ಒಳ್ಳೆಯದನ್ನೇ ಎಂದ.

“ಬೀಗ ನಿಮ್ಮ ಅಂಗಡೀದೇ ಆಗ್ಲಿ,” ಎಂದರು ಟೀಚರ್. “ಹಾಕೋದು ಮಾತ್ರ ಅವರು ಹಾಕ್ಲಿ.”

ಅಂಗಡಿಯಲ್ಲಿದ್ದದ್ದರಲ್ಲಿ ಒಳ್ಳೆಯ ಬೀಗವನ್ನು ಹಿಡಿದು ಬೀಗದಣ್ಣ ಮಹಡಿ ಮೆಟ್ಟಿಲು ಹತ್ತಿದ. ಗುಮ್ಮ ಕಿಟಕಿಯ ಬಳಿ ಕೂತು ಯಾರದೋ ಪೆಟ್ಟಿಗೆಯ ಕೊಂಡಿ ಸರಿಮಾಡುತ್ತಿದ್ದ. ಎದ್ದು ನಿಲ್ಲಲಿಲ್ಲ. ಬೀಗದಣ್ಣ ಬಾಗಿಲಲ್ಲೇ ನಿಂತು ತಪ್ಪಾಯಿತು ಎಂದ. ನಡೆದದ್ದೆಲ್ಲ ಹೇಳಿದ, ಚಹಾದಂಗಡಿಯಲ್ಲಿ ಕೂತು ಕಾದದ್ದನ್ನೂ ಹೇಳಿದ. ಗುಮ್ಮ ಕೊಂಡಿಗೆ ಮೊಳೆ ಹೊಡೆಯುವುದನ್ನು ಮುಗಿಸಿ ಸುತ್ತಿಗೆ ಕೆಳಗಿಟ್ಟ. ಅವನು ಅಷ್ಟುದ್ದ ಮಾತಾಡಿದ್ದನ್ನು ಬೀಗದಣ್ಣ ಹಿಂದೆಂದೂ ಕೇಳಿರಲಿಲ್ಲ.

“ಕೀ ತಿರುಗ್ದೇ ಇದ್ದಾಗ ಮೊದ್ಲು ಕೀ ಮೇಲೆ ಅನುಮಾನ ಬಂತು ಭಾವ. ಆಮೇಲೆ ನನ್ನ ಕೈ ಮೇಲೆ ಬಂತು. ನಿಮ್ಮ ಮೇಲೆ ಬರ್ಲೇ ಇಲ್ಲ.”

ಬೀಗದಣ್ಣ ಟೀಚರ್ ಹೇಳಿ ಕಳಿಸಿದ್ದನ್ನು ಹೇಳಿ ಬೀಗವನ್ನು ಮುಂದೆ ಚಾಚಿದ. ಗುಮ್ಮ ಅದನ್ನು ತೂಗಿ ನೋಡಿದ, ಪೊಟ್ಟಣ ಬಿಚ್ಚಿ ಕೀಗಳನ್ನು ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ಚೀಲ ನೀವು ತಗೊಳ್ಳಿ ಎಂದ.

ಇಬ್ಬರೂ ಬೀದಿಯಲ್ಲಿ ನಡೆದರು, ಗುಮ್ಮ ಮುಂದೆ, ಚೀಲ ಹೊತ್ತ ಬೀಗದಣ್ಣ ಹಿಂದೆ. ಜೆರಾಕ್ಸ್ ಅಂಗಡಿಯವನು ಇಣುಕಿ ನೋಡಿ ತಲೆ ಒಳಗೆಳೆದುಕೊಂಡ. ಟೀಚರ ಮನೆಯಲ್ಲಿ ಮಕ್ಕಳು ಹೋಗಿಯಾಗಿತ್ತು. ಗುಮ್ಮ ಮೊಣಕಾಲೂರಿ ಹಳೆ ತೂತಿನ ಅಂಚನ್ನು ಕೆತ್ತಿ ಸಮ ಮಾಡಿದ, ಬೀಗ ಕೂರಿಸಿದ, ತಿರುಪು ಬಿಗಿದ. ಬೀಗದಣ್ಣ ಮೆಟ್ಟಿಲಲ್ಲಿ ನಿಂತು ಕೇಳಿದ ಕೇಳಿದ ಸಾಮಾನನ್ನು ಚೀಲದಿಂದ ತೆಗೆದು ಕೊಟ್ಟ. ಕೆಲಸ ಚೊಕ್ಕವಾಗಿತ್ತು, ಅವನು ಮಾಡಿದ್ದರೂ ಅಷ್ಟೇ ಚೊಕ್ಕವಾಗಿರುತ್ತಿತ್ತು. ಅದನ್ನು ಹೇಳಬೇಕೆನಿಸಿತು, ಹೇಳಲಿಲ್ಲ.

ಗುಮ್ಮ ಎದ್ದು ನಿಂತು ಜೇಬಿಗೆ ಕೈ ಹಾಕಿದ. ಟೀಚರ್ ಕೈ ಚಾಚಿದರು. ಜೇಬಿನಿಂದ ಕೀ ಹೊರಗೆ ತೆಗೆಯುವ ಮೊದಲು ಗುಮ್ಮ ಹಿಂದಕ್ಕೆ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕೆಲಸದ ನಡುವೆ ಯಾರಿಗಾದರೂ ಹೇಳುವಂತೆಯೇ ಹೇಳಿದ.

“ಭಾವ, ಸ್ವಲ್ಪ ಆ ಕಡೆ ತಿರುಗಿ.”

ಬೀಗದಣ್ಣ ಚೀಲವನ್ನು ಎದೆಗೆ ಅವುಚಿಕೊಂಡು ಬೀದಿಯ ಕಡೆ ಮುಖ ಮಾಡಿ ನಿಂತ. ಬೆನ್ನ ಹಿಂದೆ ಕೀ ಬೀಗದೊಳಗೆ ಹೋಗುವ ಸದ್ದು ಕೇಳಿತು, ತಿರುಗುವ ಸದ್ದೂ ಕೇಳಿತು. ಆಯಿತು ಎಂದು ಯಾರಾದರೂ ಹೇಳುವ ತನಕ ಅವನು ಹಾಗೇ ನಿಂತಿದ್ದ.